ಮೊದಲ ಐದು ಕಿಲೋಮೀಟರಿಗೆ ಯಾವ ಹಾಡು?

ನಮ್ಮ ಆಫೀಸಿನ ಓಟಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿ ವರ್ಷ ಜುಲೈ ಬಂತೆಂದರೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಓಡುವಾಗ ಯಾವ ಹಾಡು ಕೇಳ್ತೀರಿ? ಪ್ಲೇಲಿಸ್ಟ್ ಕಳಿಸಿ.’ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಮ್ಯಾರಥಾನ್ ಇರುತ್ತದೆ. ಹೊಸ ಶೂ ಕೊಂಡವರಿಗೆಲ್ಲ ಹೊಸ ಹಾಡೂ ಬೇಕು. ಉತ್ತರಗಳು ಸುರಿಯುತ್ತವೆ. ತೆಲುಗಿನವರು ‘ನಾಟು ನಾಟು’ ಇಲ್ಲದೆ ಪಟ್ಟಿ ಶುರು ಮಾಡುವುದೇ ಇಲ್ಲ. ಚೆನ್ನೈ ಹುಡುಗಿಯದು ಪೂರ್ತಿ ಅನಿರುದ್ಧ್. ನಮ್ಮ ಮ್ಯಾನೇಜರ್ ಪ್ರತಿ ವರ್ಷ ಅದೇ ‘ಐ ಆಫ್ ದ ಟೈಗರ್’ ಕಳಿಸುತ್ತಾರೆ, 1982ರಿಂದ ಈಚೆಗೆ ಜಗತ್ತಿನಲ್ಲಿ ಬೇರೆ ಹಾಡೇ ಬಂದಿಲ್ಲವೇನೋ ಎಂಬಂತೆ.

ಗುಂಪಿನಲ್ಲಿ ಕನ್ನಡದವರು ನಾವು ಮೂವರು. ಕೆಲವು ವರ್ಷಗಳ ಹಿಂದೆ ನಾನು ಕಳಿಸಿದ್ದ ಪಟ್ಟಿ ಬಹಳ ಜನಪ್ರಿಯವಾಗಿತ್ತು. ‘ಟಗರು’ ಚಿತ್ರದ ಶೀರ್ಷಿಕೆ ಹಾಡು, ಕೆಜಿಎಫ್‌ನ ‘ಸಲಾಂ ರಾಕಿ ಭಾಯ್’, ‘ಜಾಕಿ’ಯ ‘ಎಕ್ಕ ರಾಜ ರಾಣಿ’, ‘ಜೋಗಿ’ಯ ‘ಹೊಡಿಮಗ’ ಹೀಗೆ ಒಂದಕ್ಕಿಂತ ಒಂದು ಜೋರು. ಭಾಷೆ ಬಾರದ ಬಿಹಾರದ ಹುಡುಗನೊಬ್ಬ ‘ಟಗರು ಅಂದರೇನು’ ಎಂದು ಕೇಳಿ ಅರ್ಥ ತಿಳಿದುಕೊಂಡಿದ್ದ. ಈ ವರ್ಷ ಕಳಿಸಿದ ಪಟ್ಟಿಯಲ್ಲಿ ಮೊದಲ ಅರ್ಧ ಗಂಟೆ ಒಂದೂ ಜೋರು ಹಾಡಿಲ್ಲ. ‘ಬ್ರೋ, ಇದು ಓಡೋ ಲಿಸ್ಟಾ, ಮಲಗೋ ಲಿಸ್ಟಾ?’ ಎಂದು ಅದೇ ಹುಡುಗ ಕೇಳಿದ. ನಗುವ ಇಮೋಜಿ ಹಾಕಿ ಸುಮ್ಮನಾದೆ. ಅವನಿಗೆ ಎರಡು ಸಾಲಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓಡಲು ಶುರು ಮಾಡಿದ್ದು 2021ರ ನವೆಂಬರ್‌ನಲ್ಲಿ. ಯಾಕೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಕ್ಟೋಬರ್ 29ರ ಶುಕ್ರವಾರ ಪುನೀತ್ ರಾಜ್‌ಕುಮಾರ್ ಹೋದ ಸುದ್ದಿ ಬಂದಾಗ ನಾನೊಂದು ಆನ್‌ಲೈನ್ ಮೀಟಿಂಗಿನಲ್ಲಿದ್ದೆ. ಕ್ಯಾಮೆರಾ ಆಫ್ ಮಾಡಿದೆ. ಪಕ್ಕದಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲದ ಊರಿನಲ್ಲಿ ಅಂಥ ಸುದ್ದಿ ಕೇಳುವುದು ಹೇಗಿರುತ್ತದೆ ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ಅಪ್ಪುಗೆ 46 ವರ್ಷ. ಮುಂದಿನ ವಾರಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೃದಯ ತಪಾಸಣೆಗೆಂದು ಬರುವವರ ಸಂಖ್ಯೆ ಏರಿದ್ದನ್ನು ಪತ್ರಿಕೆಗಳಲ್ಲಿ ಓದಿದೆ. ಇಲ್ಲಿ ಕೂತಿದ್ದ ನಾನೂ ಹೋಗಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡೆ.

ನನಗೆ ಹೆದರಲು ಇನ್ನೊಂದು ಕಾರಣವಿತ್ತು. ನಮ್ಮಪ್ಪ ಹೋದದ್ದು 53ಕ್ಕೆ, ಹೃದಯಾಘಾತದಿಂದ. ನಾನಾಗ ಎಂ.ಟೆಕ್ ಎರಡನೇ ಸೆಮಿಸ್ಟರ್. ರಾಣೆಬೆನ್ನೂರಿನಿಂದ ದಾವಣಗೆರೆಯ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕರೆದೊಯ್ಯುವಾಗ ದಾರಿಯಲ್ಲೇ ಮುಗಿದಿತ್ತು. ಹರಿಹರದ ಸೇತುವೆ ಹತ್ತಿರ ಮುಂದಿದ್ದ ಲಾರಿಯವನು ಎಷ್ಟು ಹೊತ್ತಾದರೂ ದಾರಿ ಬಿಡಲಿಲ್ಲವಂತೆ. ‘ಸೈಡೇ ಕೊಡಲಿಲ್ಲಪಾ ಅವ. ಟೇಪ್ ಜೋರ್ ಹಚ್ಚಿದ್ದ ಅಂತ ಕಾಣ್ತತಿ’ ಎಂದು ಅವ್ವ ಈಗಲೂ ಹೇಳುತ್ತಾಳೆ. ದಾರಿ ಬಿಟ್ಟಿದ್ದರೂ ಉಳಿಯುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು. ಆದರೆ ಮುಖ ನೋಡದ ಆ ಲಾರಿ ಡ್ರೈವರ್ ಮೇಲಿನ ಸಿಟ್ಟು ನನ್ನ ಜತೆ ಹೈದರಾಬಾದಿನವರೆಗೂ ಬಂದಿತ್ತು.

ಡಾಕ್ಟರು ವರದಿ ನೋಡಿ, ಹೃದಯ ಸದ್ಯಕ್ಕೆ ಸರಿಯಿದೆ, ಕೊಲೆಸ್ಟ್ರಾಲ್ ಸರಿಯಿಲ್ಲ ಎಂದರು. ಮೊದಲು ನಡೆಯಿರಿ, ಆಮೇಲೆ ನಿಧಾನ ಓಡಿ, ಪಕ್ಕದವರ ಜತೆ ಮಾತಾಡುತ್ತ ಓಡುವಷ್ಟು ನಿಧಾನ ಎಂದರು. ಈ ಕೊನೆಯ ಮಾತನ್ನು ಆಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಕೊಂಡಾಪುರದ ಬೊಟಾನಿಕಲ್ ಗಾರ್ಡನ್ನಿನಲ್ಲಿ ಶುರು ಮಾಡಿದೆ. ಮೊದಲ ದಿನ 800 ಮೀಟರ್ ಓಡುವುದರಲ್ಲಿ ಸಾಕಾಗಿ ಬೆಂಚಿನ ಮೇಲೆ ಕೂತೆ. ಮೂರನೇ ದಿನ ಕಿವಿಗೆ ಇಯರ್‌ಬಡ್ಸ್ ಸಿಕ್ಕಿಸಿಕೊಂಡು ಹೋದೆ. ಅಪ್ಪು ಹಾಡು ಕೇಳುವ ಧೈರ್ಯ ಆಗಿನ್ನೂ ಇರಲಿಲ್ಲ. ‘ಅಶ್ವಮೇಧ’ ಚಿತ್ರದ ‘ಹೃದಯ ಸಮುದ್ರ ಕಲಕಿ’ ಹಾಕಿದೆ. ಅಣ್ಣಾವ್ರ ದನಿ, ಕೆಳಗೆ ಕುದುರೆ ಖುರಪುಟದ ಲಯ. ಎಂಜಿನಿಯರಿಂಗ್ ಓದುವಾಗ ದಾವಣಗೆರೆಯಿಂದ ಊರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಅದು ವಾರಕ್ಕೊಮ್ಮೆಯಾದರೂ ಕೇಳುತ್ತಿತ್ತು. ಅವತ್ತು ಎರಡು ಕಿಲೋಮೀಟರ್ ಓಡಿದೆ. ಶೂ ಅವೇ, ಕಾಲೂ ಅವೇ.

ಇದೇನು ಮಾಯೆ ಎಂದು ಹುಡುಕಲು ಹೊರಟಾಗ ಗೊತ್ತಾಯಿತು, ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. ನ್ಯೂಯಾರ್ಕ್‌ನಲ್ಲಿ ಆಗೆಲ್ಲ ಆರು ದಿನ ಹಗಲೂ ರಾತ್ರಿ ನಡೆಯುವ ಸೈಕಲ್ ರೇಸ್ ಇರುತ್ತಿತ್ತು. ಮಧ್ಯೆ ಮಧ್ಯೆ ಬ್ಯಾಂಡ್ ಬಾರಿಸುತ್ತಿದ್ದರು. ಲಿಯೊನಾರ್ಡ್ ಏರ್ಸ್ ಎಂಬಾತ ಕೂತು ಸವಾರರ ಸುತ್ತುಗಳ ಲೆಕ್ಕ ಹಾಕಿದ. ಬ್ಯಾಂಡ್ ನುಡಿಯುವಾಗ ಸರಾಸರಿ ವೇಗ ಗಂಟೆಗೆ 31 ಕಿಲೋಮೀಟರಿಗೂ ಹೆಚ್ಚು, ಬ್ಯಾಂಡ್ ನಿಂತಾಗ 29ಕ್ಕೂ ಕಡಿಮೆ. 1911ರಲ್ಲಿ ಅದನ್ನು ಪ್ರಕಟಿಸಿದ. ನಮ್ಮ ಕಾಲದಲ್ಲಿ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಕೋಸ್ಟಾಸ್ ಕರಾಗೆಯೋರ್ಗಿಸ್ ಎಂಬ ವಿಜ್ಞಾನಿ ದಶಕಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಅವರ ಕೆಲಸದ ತಿರುಳನ್ನು ನನಗೆ ಅರ್ಥವಾದಷ್ಟು ಹೇಳುವುದಾದರೆ, ಹಾಡು ಕಾಲಿಗೆ ಹೊಸ ಶಕ್ತಿ ಕೊಡುವುದಿಲ್ಲ. ದೇಹದಿಂದ ಮಿದುಳಿಗೆ ಹೋಗುವ ‘ಸಾಕಪ್ಪಾ’ ಎಂಬ ಸುದ್ದಿಯನ್ನು ಅರ್ಧ ದಾರಿಯಲ್ಲಿ ಮಸುಕು ಮಾಡುತ್ತದೆ. ಸಾಧಾರಣ ವೇಗದಲ್ಲಿ ಓಡುವಾಗ ಆಗುವ ಆಯಾಸ ಶೇ 10ರಷ್ಟು ಕಡಿಮೆ ಅನಿಸುತ್ತದೆ. ಆದರೆ ವೇಗ ಒಂದು ಮಿತಿ ದಾಟಿದ ಮೇಲೆ ದೇಹದ ಕೂಗೇ ದೊಡ್ಡದಾಗುತ್ತದೆ, ಆಗ ಹಾಡಿನ ಮರೆ ಹೆಚ್ಚು ಕೆಲಸ ಮಾಡುವುದಿಲ್ಲ.

ಈ ಎರಡನೆಯ ಅರ್ಧವನ್ನೂ ಆಗ ನಾನು ಓದಿ ಮುಂದೆ ಹೋದೆ. ನನ್ನ ಕಣ್ಣು ನಿಂತದ್ದು ಅಂಕಿಗಳ ಮೇಲೆ. ಅವರ ಅಧ್ಯಯನಗಳ ಪ್ರಕಾರ ವ್ಯಾಯಾಮದ ಹಿನ್ನೆಲೆಗೆ ಜನ ಇಷ್ಟಪಡುವ ಹಾಡುಗಳ ಲಯ ನಿಮಿಷಕ್ಕೆ ಸುಮಾರು 120ರಿಂದ 140 ತಾಳ. ಅದಕ್ಕಿಂತ ಜೋರು ಮಾಡಿದರೆ ಲಾಭ ಏರುತ್ತಾ ಹೋಗುವುದಿಲ್ಲ. ಇಥಿಯೋಪಿಯದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣ ಟ್ರ್ಯಾಕ್‌ನಲ್ಲಿ 2,000 ಮೀಟರ್ ವಿಶ್ವದಾಖಲೆ ಮಾಡಿದಾಗ ಕ್ರೀಡಾಂಗಣದ ಸ್ಪೀಕರಿನಲ್ಲಿ ‘ಸ್ಕ್ಯಾಟ್‌ಮ್ಯಾನ್’ ಹಾಡು ಹಾಕಿಸಿದ್ದರು. ನಿಮಿಷಕ್ಕೆ 136ರ ಆಸುಪಾಸಿನ ಹಾಡದು. ಆ ಹಾಡನ್ನೂ ಡೌನ್‌ಲೋಡ್ ಮಾಡಿದೆ. ದಾಖಲೆಯೇನೂ ಆಗಲಿಲ್ಲ.

ಸಾಫ್ಟ್‌ವೇರಿನವನ ಕೈಗೆ ಅಂಕಿ ಸಿಕ್ಕರೆ ಸುಮ್ಮನಿರುತ್ತಾನೆಯೇ. ನಾನೂ ಇರಲಿಲ್ಲ. ಮೊದಲು ನನ್ನ ಹೆಜ್ಜೆ ಎಣಿಸಿದೆ. ಇದು ಯಾರು ಬೇಕಾದರೂ ಮಾಡಬಹುದು: ಓಡುವಾಗ ಬಲಗಾಲು ನೆಲಕ್ಕೆ ತಾಗುವುದನ್ನು 30 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನನ್ನದು 164 ಬಂತು. ಇಂಟರ್‌ನೆಟ್ ತುಂಬ ‘180 ಇರಬೇಕು’ ಎಂಬ ಉಪದೇಶವಿದೆ. ಅದು ಹುಟ್ಟಿದ್ದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ. ತರಬೇತುದಾರ ಜ್ಯಾಕ್ ಡೇನಿಯಲ್ಸ್ ಅಲ್ಲಿನ ಓಟಗಾರರ ಹೆಜ್ಜೆ ಎಣಿಸಿದರು, ಹೆಚ್ಚುಕಡಿಮೆ ಎಲ್ಲರದೂ 180 ಅಥವಾ ಅದಕ್ಕಿಂತ ಮೇಲೆ ಇತ್ತು. ಒಲಿಂಪಿಕ್ಸ್‌ನಲ್ಲಿ ಓಡುವವರ ವೇಗದಲ್ಲಿ ಓಡಿದರೆ ನಮ್ಮದೂ 180 ಆಗುತ್ತದೆ, ಅನುಮಾನವಿಲ್ಲ. ಬೊಟಾನಿಕಲ್ ಗಾರ್ಡನ್ನಿನಲ್ಲಿ ಹೊಟ್ಟೆ ಹೊತ್ತು ಓಡುವವನಿಗೆ ಅದನ್ನು ಹೇರುವುದು ಬೇಡ.

ಹೆಜ್ಜೆ 164 ಆದರೆ ಹಾಡು 164 ಇರಬೇಕು, ಇಲ್ಲವೇ ಅದರ ಅರ್ಧ 82. ಎರಡು ಹೆಜ್ಜೆಗೆ ಒಂದು ತಾಳ ಬಿದ್ದರೂ ಕಾಲಿಗೆ ಸಾಕು. ಮೊಬೈಲಿನಲ್ಲಿದ್ದ ಇನ್ನೂರು ಚಿಲ್ಲರೆ ಕನ್ನಡ ಹಾಡುಗಳ ಲಯ ಹಿಡಿಯಲು ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ‘ಲಿಬ್ರೋಸಾ’ ಎಂಬ ಉಚಿತ ಲೈಬ್ರರಿ ಇದೆ, ಹಾಡಿನ ಫೈಲು ಕೊಟ್ಟರೆ ತಾಳ ಎಣಿಸಿ ಕೊಡುತ್ತದೆ. ಅದು 120ರ ಸುತ್ತಮುತ್ತ ಇರಬಹುದೆಂಬ ಊಹೆಯಿಂದ ಹೊರಡುವುದರಿಂದ ಕೆಲವೊಮ್ಮೆ 160ರ ಹಾಡನ್ನು 80 ಎನ್ನುತ್ತದೆ. ಡಿಸ್ಕೊ ಹಾಡುಗಳಿಗೆ ಸರಿಯಾಗಿಯೇ ಹೇಳಿತು. ನಮ್ಮ ಕಡೆಯ ಡೊಳ್ಳಿನ ರೆಕಾರ್ಡಿಂಗ್ ಹಾಕಿದರೆ ಒಂದೊಂದು ಸಲ ಒಂದೊಂದು ಉತ್ತರ. ಡೊಳ್ಳು ಯಾವತ್ತೂ ಒಂದೇ ಲಯದಲ್ಲಿ ಇರುವುದಿಲ್ಲ ಎಂಬುದು ಪಾಪ ಅದಕ್ಕೇನು ಗೊತ್ತು. ಕೊನೆಗೆ ಕಂಪ್ಯೂಟರ್ ಮುಚ್ಚಿಟ್ಟು ಮೇಜಿನ ಮೇಲೆ ಬೆರಳು ಬಡಿದು ಎಣಿಸಿದೆ. ಹೆಂಡತಿ ಬಂದು ನೋಡಿ, ಇದಕ್ಕೆ ಎಂ.ಟೆಕ್ ಬೇಕಿತ್ತಾ ಎಂದಳು.

ಈ ಲೆಕ್ಕದಲ್ಲಿ ಒಂದು ಸಂಗತಿ ಮಾತ್ರ ನಿಜವಾಗಿ ಉಪಯೋಗಕ್ಕೆ ಬಂತು. ನಾಲ್ಕು ಎಣಿಕೆಯ ತಾಳದಲ್ಲಿ ಹೆಜ್ಜೆಗೊಂದು ಎಣಿಕೆಯಂತೆ ಓಡಿದರೆ ಜೋರು ಪೆಟ್ಟು ಯಾವಾಗಲೂ ಒಂದೇ ಕಾಲಿಗೆ ಬೀಳುತ್ತದೆ. ಮೂರು ಎಣಿಕೆಯದಾದರೆ ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ನಮ್ಮ ಜನಪದ ಕುಣಿತಗಳಲ್ಲೂ ಸಿನಿಮಾದ ಟಪ್ಪಾಂಗುಚ್ಚಿ ಹಾಡುಗಳಲ್ಲೂ ಈ ತಿಶ್ರ ನಡೆ ಧಾರಾಳವಾಗಿ ಇದೆ. ನನ್ನ ಬಲಮಂಡಿಗೆ ಇದರಿಂದ ಹಿತವಾಯಿತು ಎಂಬುದು ನನ್ನ ಅನುಭವ ಅಷ್ಟೇ, ವೈದ್ಯಶಾಸ್ತ್ರವಲ್ಲ.

ಆದರೆ ಲಯ ಒಂದೇ ಇದ್ದ ಎರಡು ಹಾಡುಗಳಲ್ಲಿ ಒಂದು ಓಡಿಸುತ್ತದೆ, ಇನ್ನೊಂದು ಓಡಿಸುವುದಿಲ್ಲ. ಇದಕ್ಕೆ ಯಾವ ಪ್ರೋಗ್ರಾಮೂ ಉತ್ತರ ಹೇಳಲಿಲ್ಲ. ಗುಂಪಿನವರು ಕೊಟ್ಟ ಪಂಜಾಬಿ ಹಾಡುಗಳು ಲೆಕ್ಕಕ್ಕೆ ಸರಿಯಾಗಿ ಕೂರುತ್ತಿದ್ದವು, ಆದರೂ ನಾಲ್ಕನೇ ದಿನಕ್ಕೆ ಬೇಸರವಾಗುತ್ತಿದ್ದವು. ‘ಹೃದಯ ಸಮುದ್ರ’ ಬೇಸರವಾಗಲೇ ಇಲ್ಲ. ಹಗಲಿಡೀ ಇಂಗ್ಲಿಷ್, ಕ್ಯಾಂಟೀನಿನಲ್ಲಿ ಹಿಂದಿ, ಆಟೊದವರ ಜತೆ ಹರಕು ತೆಲುಗು. ಬೆಳಗಿನ ಆ ಐವತ್ತು ನಿಮಿಷ ಮಾತ್ರ ಕಿವಿಗೆ ಪೂರ್ತಿ ಕನ್ನಡ ಬೀಳುತ್ತಿತ್ತು. ಮೂರು ತಿಂಗಳಾದ ಮೇಲೆ ಅಪ್ಪು ಹಾಡುಗಳಿಗೂ ಮರಳಿದೆ. ‘ಅಪ್ಪು’ ಚಿತ್ರದಲ್ಲಿ ಅವರೇ ಹಾಡಿದ ‘ತಾಲಿಬಾನ್ ಅಲ್ಲ ಅಲ್ಲ’ ಬಂದಾಗ, ಆ ನಗುವ ದನಿಗೆ, ಓಡುತ್ತಲೇ ಕಣ್ಣು ಒರೆಸಿಕೊಂಡದ್ದೂ ಇದೆ. ಬೆವರು ಎಂದುಕೊಂಡಿರುತ್ತಾರೆ ನೋಡಿದವರು.

ಹೀಗೆ ತಯಾರಾದ ಪಟ್ಟಿಯೊಂದಿಗೆ ಮರುವರ್ಷ ಇಲ್ಲಿ ನಡೆದ ಒಂದು ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟೆ. 21.1 ಕಿಲೋಮೀಟರ್. ಅಭ್ಯಾಸದಲ್ಲಿ ಐದು ಕಿಲೋಮೀಟರಿಗೆ 34 ನಿಮಿಷ ತೆಗೆದುಕೊಳ್ಳುತ್ತಿದ್ದ ನಾನು ಎರಡು ಗಂಟೆ 25 ನಿಮಿಷದಲ್ಲಿ ಮುಗಿಸುವ ಲೆಕ್ಕ ಹಾಕಿದ್ದೆ. ಹೊಸ ಇಯರ್‌ಬಡ್ಸ್, ಹೊರಗಿನ ಸದ್ದೆಲ್ಲ ಅಳಿಸಿಹಾಕುವಂಥವು. ಬೆಳಗಿನ ಐದೂವರೆಗೆ ಹೊರಡುವ ಗೆರೆಯ ಹತ್ತಿರ ತೀನ್‌ಮಾರ್ ತಂಡದವರು ತಮಟೆ ಬಾರಿಸುತ್ತಿದ್ದರು. ಹೈದರಾಬಾದಿನ ಆ ಏಟು ಕೇಳಿದರೆ ಸತ್ತವನೂ ಎದ್ದು ಕುಣಿಯಬೇಕು. ಅದರ ಮೇಲೆ ನನ್ನ ಕಿವಿಯಲ್ಲಿ ‘ಟಗರು’. ಗುಂಡು ಹಾರಿತು, ಹೊರಟೆ.

ಮೊದಲ ಐದು ಕಿಲೋಮೀಟರ್ ಮುಗಿದಾಗ ವಾಚು 28 ನಿಮಿಷ ತೋರಿಸಿತು. ಹೆದರಬೇಕಿತ್ತು, ಬದಲಿಗೆ ಹಿಗ್ಗಿದೆ. ಇವತ್ತು ಬೇರೆಯೇ ದಿನ ಅಂದುಕೊಂಡೆ. ಹತ್ತರವರೆಗೂ ಹಾಗೇ ನಡೆಯಿತು. ಹಾಡು ಮುಗಿಯುವುದರೊಳಗೆ ಇನ್ನೊಂದು ಹಾಡು, ಒಂದಕ್ಕಿಂತ ಒಂದು ಜೋರು. ಈ ಊರಿನ ರಸ್ತೆ ಬಲ್ಲವರಿಗೆ ಗೊತ್ತು, ಹೊರಗಿನವರಿಗೆ ಹೇಳಬೇಕು: ಹೈದರಾಬಾದ್ ಬಂಡೆಗಳ ಮೇಲೆ ಕಟ್ಟಿದ ಊರು. ಜುಬಿಲಿ ಹಿಲ್ಸ್ ಕಡೆ ಹೋದರೆ ಏರು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಏರು. ಆಗಸ್ಟಿನಲ್ಲಿ ಬಿಸಿಲಿರದಿದ್ದರೂ ಗಾಳಿ ಒದ್ದೆ ಬಟ್ಟೆಯ ಹಾಗಿರುತ್ತದೆ, ಬೆವರು ಆರುವುದೇ ಇಲ್ಲ. ಹದಿಮೂರನೇ ಕಿಲೋಮೀಟರಿನ ಏರಿನಲ್ಲಿ ನಾಡಿ 186. ತೋಳಿನ ಮೇಲೆ ಚಳಿ ಬಂದಂತೆ ಮುಳ್ಳೆದ್ದಿತು. ಕಣ್ಣ ಅಂಚಿನಲ್ಲಿ ಕಪ್ಪು. ಇವೆಲ್ಲ ಅಪಾಯದ ಗುರುತು ಎಂದು ಓದಿದ್ದೆ. ಕಿವಿಯೊಳಗಿನ ಕೋರಸ್ ಮಾತ್ರ ನುಗ್ಗು ನುಗ್ಗು ಎನ್ನುತ್ತಿತ್ತು. ನಾನು ಹಾಡಿನ ಮಾತು ಕೇಳಿದೆ.

ಯಾರೋ ತೋಳು ಹಿಡಿದು ಜೋರಾಗಿ ಎಳೆದರು. ಸ್ವಯಂಸೇವಕಿ, ಕಾಲೇಜು ಹುಡುಗಿ. ತೂರಾಡಿ ಫುಟ್‌ಪಾತಿಗೆ ಬಿದ್ದೆ. ಒಂದು ಬಡ್ ಕಿವಿಯಿಂದ ಹಾರಿತು, ಆ ಕಿವಿಗೆ ಸೈರನ್ ಸದ್ದು ನುಗ್ಗಿತು. ನನ್ನ ಬೆನ್ನ ಹಿಂದೆ, ನಾಲ್ಕೇ ಮಾರು ದೂರದಲ್ಲಿ ಆಂಬುಲೆನ್ಸ್ ಇತ್ತು. ಎಷ್ಟು ಹೊತ್ತಿನಿಂದ ಇತ್ತೋ. ರಸ್ತೆಯ ನಡುವೆ ಓಡುತ್ತಿದ್ದ ನಾನೊಬ್ಬನೇ ಅದಕ್ಕೆ ಅಡ್ಡ, ಉಳಿದವರೆಲ್ಲ ಆಗಲೇ ಬದಿಗೆ ಸರಿದು ನಿಂತಿದ್ದರು. ‘ಅಣ್ಣಾ, ಎಷ್ಟು ಸಲ ಕೂಗೋದು!’ ಎಂದು ಆ ಹುಡುಗಿ ತೆಲುಗಿನಲ್ಲಿ ಬೈದಳು. ಆಂಬುಲೆನ್ಸ್ ಮುಂದೆ ಹೋಗಿ ಇನ್ನೂರು ಮೀಟರ್ ಆಚೆ ನಿಂತಿತು. ಅಲ್ಲೊಬ್ಬರು ಓಟಗಾರರು ಮಲಗಿದ್ದರು, ನನ್ನಪ್ಪನ ವಯಸ್ಸಿನವರು.

ಅವರು ಉಳಿದರು. ಡ್ರಿಪ್ ಹಾಕಿದ ಮೇಲೆ ಎದ್ದು ಕೂತರೆಂದು ಮುಗಿಯುವ ಕಡೆ ಸಿಕ್ಕ ಇನ್ನೊಬ್ಬ ಸ್ವಯಂಸೇವಕ ಹೇಳಿದ. ನಾನು ಉಳಿದ ಎಂಟು ಕಿಲೋಮೀಟರನ್ನು ಬಹುಪಾಲು ನಡೆದೇ ಮುಗಿಸಿದೆ, ಎರಡು ಗಂಟೆ 58 ನಿಮಿಷ. ಕಿವಿಯಲ್ಲಿ ಏನೂ ಇರಲಿಲ್ಲ. ಹರಿಹರದ ಲಾರಿಯವನು ದಾರಿಯುದ್ದಕ್ಕೂ ಜತೆಗೆ ನಡೆದ. ಅವನೂ ನನ್ನ ಹಾಗೇ ಒಳ್ಳೆಯ ಹಾಡು ಕೇಳುತ್ತಿದ್ದನೋ ಏನೋ. ಅವ್ವನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಮಂಡಿ ನೋವು, ಅದಕ್ಕೇ ತಡವಾಯಿತು ಎಂದಿದ್ದೇನೆ.

ಅಥ್ಲೆಟಿಕ್ಸ್‌ನ ನಿಯಮಪುಸ್ತಕಗಳು ಸ್ಪರ್ಧೆಯಲ್ಲಿ ಇಂಥ ಸಾಧನಗಳನ್ನು ನೆರವು ಎಂದೇ ಪರಿಗಣಿಸುತ್ತವೆ. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ 2007ರಲ್ಲಿ ಹೆಡ್‌ಫೋನನ್ನು ಎಲ್ಲರಿಗೂ ನಿಷೇಧಿಸಿತ್ತು. ಹವ್ಯಾಸಿ ಓಟಗಾರರು ಗಲಾಟೆ ಎಬ್ಬಿಸಿದ ಮೇಲೆ ಮರುವರ್ಷ ಸಡಿಲಿಸಿ, ಬಹುಮಾನಕ್ಕೆ ಸ್ಪರ್ಧಿಸುವವರಿಗೆ ಮಾತ್ರ ಉಳಿಸಿಕೊಂಡಿತು. ಆ ಗಲಾಟೆಯ ಸುದ್ದಿ ಓದಿದಾಗ ಮೊದಲು ನಾನೂ ಹವ್ಯಾಸಿಗಳ ಪರ ಇದ್ದೆ. ಈಗ ಖಚಿತವಿಲ್ಲ.

ಆ ಓಟದ ನಂತರ ಎರಡು ತಿಂಗಳು ಹಾಡೇ ಇಲ್ಲದೆ ಓಡಿದೆ. ನಿಜ ಹೇಳಬೇಕೆಂದರೆ ಅದು ಬಹಳ ಬೇಸರದ ಕೆಲಸ. ಉಸಿರಿನ ಸದ್ದು, ಶೂ ಸದ್ದು, ನಾಯಿ. ಮೌನದಲ್ಲಿ ಓಡಿದರೆ ಧ್ಯಾನದ ಸುಖ ಸಿಗುತ್ತದೆ ಎನ್ನುವವರಿದ್ದಾರೆ, ಅವರಿಗೆ ನಮಸ್ಕಾರ. ನನಗೆ ಸಿಕ್ಕಿದ್ದು ಆಫೀಸಿನ ಬಾಕಿ ಕೆಲಸಗಳ ನೆನಪು. ವಾರಕ್ಕೆ ನಾಲ್ಕು ದಿನ ಓಡುತ್ತಿದ್ದವನು ಎರಡಕ್ಕೆ ಇಳಿದೆ. ಹಾಡಿಲ್ಲದೆ ಓಟ ನಿಂತೇ ಹೋಗುವ ಹಾಗಿತ್ತು, ಕೊಲೆಸ್ಟ್ರಾಲ್ ಮಾತ್ರ ಕಾದು ಕೂತಿತ್ತು.

ದಾರಿ ತೋರಿಸಿದವರು ದೊಡ್ಡಪ್ಪ. ದೀಪಾವಳಿಗೆ ಊರಿಗೆ ಹೋದಾಗ, ನಾನು ಬೆಳಿಗ್ಗೆ ಎದ್ದು ಹೊಲದ ದಾರಿಯಲ್ಲಿ ಓಡಿ ಬಂದದ್ದನ್ನು ನೋಡಿ ಕಟ್ಟೆಯ ಮೇಲೆ ಕೂರಿಸಿಕೊಂಡು ಏನಿದು ಎಂದು ಕೇಳಿದರು. ಹಾಡಿನ ಕತೆ ಹೇಳಿದೆ, ಆಂಬುಲೆನ್ಸ್ ಬಿಟ್ಟು. ದೊಡ್ಡಪ್ಪನಿಗೆ ಎಪ್ಪತ್ತಾರು. ಹುಡುಗರಾಗಿದ್ದಾಗ ಹಂತಿ ಹೊಡೆದವರು. ಈಗಿನವರಿಗೆ ಹಂತಿ ಅಂದರೆ ಗೊತ್ತಿರಲಿಕ್ಕಿಲ್ಲ. ಕಣದ ನಡುವೆ ಮೇಟಿ ನೆಟ್ಟು, ಅದಕ್ಕೆ ಸಾಲಾಗಿ ಎತ್ತು ಕಟ್ಟಿ, ಹರಡಿದ ಜೋಳದ ತೆನೆಯ ಮೇಲೆ ಸುತ್ತು ತಿರುಗಿಸಿ ಕಾಳು ಬಿಡಿಸುವುದು. ರಾತ್ರಿಯಿಡೀ ನಡೆಯುವ ಕೆಲಸ. ನಿದ್ದೆ ಬಾರದಂತೆ, ಎತ್ತಿನ ಹೆಜ್ಜೆ ತಪ್ಪದಂತೆ ಹಿಂದೆ ನಡೆಯುವವರು ಹಾಡುವುದೇ ಹಂತಿ ಪದ. ಈಗ ಯಂತ್ರ ಬಂದಿದೆ. ಯಂತ್ರ ಸಿಗದಿದ್ದರೆ ಟಾರು ರಸ್ತೆಯ ಮೇಲೆ ತೆನೆ ಹರಡುತ್ತಾರೆ, ಬಸ್ಸು ಲಾರಿಗಳು ಪುಕ್ಕಟೆ ಹಂತಿ ಹೊಡೆದುಕೊಡುತ್ತವೆ.

ನನ್ನ ಪಟ್ಟಿಯಿಂದ ಒಂದು ಹಾಡು ಕೇಳಿಸಿದೆ, ಮೊದಲನೆಯದನ್ನೇ. ದೊಡ್ಡಪ್ಪ ಅರ್ಧಕ್ಕೇ ಕೈ ಎತ್ತಿದರು.

‘ಇದನ್ನ ಮೊದಲಿಗೇ ಹಚ್ತೀಯೇನು?’

‘ಹೌದು ದೊಡ್ಡಪ್ಪ, ಹುರುಪು ಬರಲಿ ಅಂತ.’

‘ಮೊದಲ್ನೇ ಸುತ್ತಿಗೇ ದನಿ ಎತ್ತಬಾರ್ದು ನೋಡಪಾ. ಎತ್ತು ಜೋರು ಹೊಕ್ಕಾವು, ನಡುರಾತ್ರಿಗೆ ನಿಂತ್ ಬಿಡ್ತಾವು. ಬೆಳತನಕ ನಡೀಬೇಕಲ್ಲ ಅವು.’

ಆಮೇಲೆ ಅವರೇ ಹಾಡಿದರು. ಮೊದಲ ಪದ ಎಷ್ಟು ನಿಧಾನವೆಂದರೆ ಎಳೆದ ದನಿ ಮುಗಿಯುವುದನ್ನೇ ನಾನು ಕಾಯುತ್ತಿದ್ದೆ. ಹತ್ತು ನಿಮಿಷ ಕಳೆದ ಮೇಲೆ ನಡೆ ಸ್ವಲ್ಪ ಬಿಗಿಯಾಯಿತು. ಕೊನೆಕೊನೆಗೆ ತೊಡೆ ತಟ್ಟಿ ಹಾಡಿದರು. ಹೇಳುವವನ ಹಿಂದೆ ಎರಡನೆಯ ದನಿ ಕೂಡಬೇಕು, ಆ ಜಾಗದಲ್ಲಿ ಅವ್ವ ದನಿಗೂಡಿಸಿದಳು. ಮೊಬೈಲಿನಲ್ಲಿ 22 ನಿಮಿಷ ರೆಕಾರ್ಡ್ ಆಗಿದೆ, ನಡುವೆ ಎಮ್ಮೆ ಕೂಗಿದ್ದೂ ಇದೆ. ಬೀಸುವ ಪದ, ಕುಟ್ಟುವ ಪದ, ಹಂತಿ ಪದ ಎಲ್ಲವೂ ದುಡಿತದ ಲಯಕ್ಕೆ ಹೊಂದಿಸಿದ ಹಾಡುಗಳೇ. ಕರಾಗೆಯೋರ್ಗಿಸ್ ಅವರ ಪ್ರಯೋಗಾಲಯಕ್ಕಿಂತ ಮೊದಲಿನಿಂದ ನಮ್ಮ ಮನೆಯ ಅಂಗಳದಲ್ಲಿದ್ದ ವಿದ್ಯೆ ಅದು. ನಾನು ಪೈಥಾನ್‌ನಲ್ಲಿ ಹುಡುಕುತ್ತಿದ್ದೆ.

ಈಗ ನನ್ನ ಪಟ್ಟಿ ಹೀಗಿದೆ. ಶುರುವಿನ 22 ನಿಮಿಷ ದೊಡ್ಡಪ್ಪ ಮತ್ತು ಅವ್ವ. ಅವರ ಲಯಕ್ಕೆ ಕಾಲು ಹೊಂದಿಸಲು ಹೋಗುವುದಿಲ್ಲ, ಅದು ಎತ್ತಿನ ನಡೆ. ಆದರೆ ಆ ಎಳೆದ ದನಿ ಕಿವಿಯಲ್ಲಿದ್ದಾಗ ಐದು ಕಿಲೋಮೀಟರನ್ನು 28 ನಿಮಿಷದಲ್ಲಿ ಓಡಲು ಮನಸ್ಸೇ ಬರುವುದಿಲ್ಲ. ಡಾಕ್ಟರು ಹೇಳಿದ್ದ, ಮಾತಾಡುತ್ತ ಓಡುವ ವೇಗಕ್ಕೆ ತಾನಾಗಿ ಬರುತ್ತೇನೆ. ಅವ್ವನ ಜತೆ ದನಿಗೂಡಿಸಲು ಆಗುತ್ತಿದ್ದರೆ ವೇಗ ಸರಿ, ಉಸಿರು ಕಟ್ಟಿದರೆ ಹೆಚ್ಚಾಯಿತು. ವಾಚಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅದಾದ ಮೇಲೆ ಹಳೆಯ ರಾಜ್‌ಕುಮಾರ್ ಹಾಡುಗಳು, ‘ಹೃದಯ ಸಮುದ್ರ’ಕ್ಕೆ ಈಗ ನಡುವಿನ ಜಾಗ. ‘ಟಗರು’, ‘ಎಕ್ಕ ರಾಜ ರಾಣಿ’ ಎಲ್ಲ ಇವೆ, ತೆಗೆದಿಲ್ಲ, ಕೊನೆಯ ಮೂರು ಕಿಲೋಮೀಟರಿಗೆ ಕಾದಿರುತ್ತವೆ. ಮುಗಿಸಿ ನಡೆಯುವಾಗ ‘ಭಾಗ್ಯವಂತ’ದ ‘ಬಾನ ದಾರಿಯಲ್ಲಿ’. 1981ರ ಚಿತ್ರ, ಪುಟ್ಟ ಹುಡುಗ ಪುನೀತ್ ಹಾಡಿದ್ದು. ನಾಡಿ ಇಳಿಸಲು ಅದಕ್ಕಿಂತ ಒಳ್ಳೆಯ ಹಾಡು ನನಗೆ ಗೊತ್ತಿಲ್ಲ.

ಏರು ರಸ್ತೆಗೆ ಯಾವ ಹಾಡು ಎಂದು ಬಹಳ ಜನ ಕೇಳುತ್ತಾರೆ. ಏರಿನಲ್ಲಿ ಹಾಡು ನಿಲ್ಲಿಸಿ ಎಂದೇ ಹೇಳುತ್ತೇನೆ. ಉಸಿರು ಅಲ್ಲಿ ಏನು ಹೇಳುತ್ತದೆ ಎಂಬುದನ್ನು ಕೇಳಲೇಬೇಕು.

ಸದ್ದು ಅಳಿಸುವ ಬಡ್ಸನ್ನು ವಿಮಾನಕ್ಕೆಂದು ಇಟ್ಟುಕೊಂಡಿದ್ದೇನೆ. ಓಡಲು ಕೆನ್ನೆಯ ಮೂಳೆಯ ಮೇಲೆ ಕೂರುವ ಬೋನ್ ಕಂಡಕ್ಷನ್ ಹೆಡ್‌ಫೋನ್ ಕೊಂಡೆ. ಕಿವಿ ಪೂರ್ತಿ ತೆರೆದಿರುತ್ತದೆ. ಡೊಳ್ಳಿನ ಗುಡುಗು ಅದರಲ್ಲಿ ತಗಡಿನ ಡಬ್ಬ ಬಡಿದಂತೆ ಕೇಳುತ್ತದೆ, ಒಪ್ಪುತ್ತೇನೆ. ಆದರೆ ಹಿಂದಿನಿಂದ ಬರುವ ಬೈಕು, ನಾಯಿ, ಸೈರನ್ ಕೇಳುತ್ತವೆ. ಕೊಳ್ಳುವುದು ಬೇಡ ಎನ್ನುವವರು ರಸ್ತೆಯ ಕಡೆಯ ಕಿವಿ ಖಾಲಿ ಬಿಟ್ಟು ಇನ್ನೊಂದಕ್ಕೆ ಮಾತ್ರ ಹಾಕಿಕೊಳ್ಳಬಹುದು. ಸದ್ದಿನ ಮಟ್ಟವನ್ನೂ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಸದ್ದು ಏರಿದಂತೆ ಆ ಗಂಟೆಗಳು ಬೇಗ ಬೇಗ ಕರಗುತ್ತವೆ. ದಿನವಿಡೀ ಹೆಡ್‌ಸೆಟ್ ಹಾಕಿಕೊಂಡು ಮೀಟಿಂಗ್ ಮಾಡುವ ನಮ್ಮಂಥವರ ಕೋಟಾ ಅಲ್ಲೇ ಅರ್ಧ ಮುಗಿದಿರುತ್ತದೆ.

ಇನ್ನೊಂದು ವಿಷಯ, ಹಾಡಿಗೆ ಸಂಬಂಧಿಸಿದ್ದೇ. ಹೋದ ವರ್ಷ ಆಫೀಸಿನಲ್ಲಿ ಸಿಪಿಆರ್ ತರಬೇತಿ ಇತ್ತು. ಹೃದಯ ನಿಂತವರ ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ. ಆ ಲಯ ಮನಸ್ಸಿನಲ್ಲಿ ಕೂರಲಿ ಎಂದು ತರಬೇತುದಾರರು 1977ರ ‘ಸ್ಟೇಯಿಂಗ್ ಅಲೈವ್’ ಹಾಡು ಹಾಕಿ ಗೊಂಬೆಯ ಎದೆ ಒತ್ತಿಸಿದರು. ಅವ್ವನಿಗೂ ಕಲಿಸಬೇಕು ಅನಿಸಿತು. ಅವಳಿಗೆ ಆ ಇಂಗ್ಲಿಷ್ ಹಾಡಿನಿಂದ ಏನು ಪ್ರಯೋಜನ? ವಿಡಿಯೊ ಕರೆಯಲ್ಲಿ ಅವಳ ಭಜನೆಯ ತಾಳವನ್ನು ನಿಮಿಷಕ್ಕೆ 110ಕ್ಕೆ ಹೊಂದಿಸಿ, ದಿಂಬಿನ ಮೇಲೆ ಒತ್ತಿಸಿದೆ. ಎರಡು ನಿಮಿಷಕ್ಕೆ ಸುಸ್ತಾಗಿ ಕೂತಳು. ‘ನಿಮ್ಮಪ್ಪ ಇದ್ದಾಗ ಇದು ಯಾರೂ ಹೇಳ್ಕೊಡಲಿಲ್ಲಲ್ಲೋ’ ಎಂದಳು. ಆಮೇಲೆ ಮತ್ತೆ ತಾಳ ಹಿಡಿದಳು.

ಇಷ್ಟನ್ನು ಬರೆದು ಮುಗಿಸುವ ಹೊತ್ತಿಗೆ ಬಿಹಾರದ ಹುಡುಗನ ಮೆಸೇಜು ಬಂದಿದೆ. ಭಾನುವಾರ ಕೇಬಲ್ ಬ್ರಿಜ್ ಮೇಲೆ ನನ್ನ ಮಲಗುವ ಪಟ್ಟಿ ಹಾಕಿಕೊಂಡು ಹನ್ನೆರಡು ಕಿಲೋಮೀಟರ್ ಓಡಿದನಂತೆ, ಕೊನೆಯ ಮೂರು ಕಿಲೋಮೀಟರಿಗೆ ಉಸಿರು ಇನ್ನೂ ಉಳಿದಿತ್ತಂತೆ. ಮೊದಲ ಹಾಡಿನಲ್ಲಿ ಹದಿನಾಲ್ಕನೇ ನಿಮಿಷಕ್ಕೆ ಯಾರೋ ಜೋರಾಗಿ ಕೂಗುತ್ತಾರಲ್ಲ, ಅವರು ಯಾವ ಗಾಯಕರು ಎಂದು ಕೇಳಿದ್ದಾನೆ. ಎಮ್ಮೆ ಎಂದು ಉತ್ತರ ಬರೆಯಬೇಕು.